ಆಲೆಮನೆಯ ಕಂಬದ ಮೇಲಿನ ಕ್ಯಾಮೆರಾ: ನನ್ನ ಅನುಭವ

ಮಂಡ್ಯದ ಹತ್ತಿರ ನಮ್ಮ ಮಾವನ ಆಲೆಮನೆ ಇದೆ. ಟ್ರೇಲರ್‌ನಲ್ಲಿ ಬರುವ ಕಬ್ಬಿನ ಎತ್ತರವನ್ನು ಅಂಗಳದ ಸಿಸಿಟಿವಿಯಿಂದಲೇ ಅಳೆಯಬೇಕು ಅನ್ನುವುದು ನನ್ನ ಹಟ. ಟ್ರೇಲರ್ ನಿಲ್ಲುವ ಗೆರೆ ಗೊತ್ತಿದ್ದರೆ ಒಂದೇ ಕ್ಯಾಮೆರಾ ಸಾಕು ಅಲ್ವಾ? ಗೆಳೆಯರು ನಕ್ಕರು. "ಎರಡು ಸಾವಿರದ ಕ್ಯಾಮೆರಾ ಅದು, ಸುಮ್ನೆ ದೂರ ಅಳೆಯೋ ಡೆಪ್ತ್ ಸೆನ್ಸರ್ ತಗೋ" ಅಂದರು. ಈಗ ಟೇಪಿಗೂ ನನ್ನ ಲೆಕ್ಕಕ್ಕೂ ಹೆಚ್ಚೆಂದರೆ ಎರಡು ಇಂಚು ವ್ಯತ್ಯಾಸ.

ಮೊದಲು ಕ್ಯಾಲಿಬ್ರೇಷನ್, ಅಂದರೆ ಲೆನ್ಸ್ ಚಿತ್ರವನ್ನು ಹೇಗೆ ಮೂಡಿಸುತ್ತದೆ ಅಂತ ಲೆಕ್ಕ ಹಾಕುವುದು. ಅದಕ್ಕೆ ಬೇಕು ಕಪ್ಪು-ಬಿಳಿ ಚೌಕದ ಹಾಳೆ. ಎ3ಯಲ್ಲಿ ಪ್ರಿಂಟ್ ಹಾಕಿಸಿದೆ. ಅಂಗಡಿಯವನು ಪುಟಕ್ಕೆ ಸರಿಹೊಂದಿಸಿ ಕೊಟ್ಟಿದ್ದ, 25 ಮಿಲಿಮೀಟರ್ ಚೌಕ 24 ಆಗಿತ್ತು. ಇನ್ನೊಂದು ಹಾಕಿಸಿ ರಟ್ಟಿಗೆ ಮೈದಾ ಅಂಟಿನಲ್ಲಿ ಅಂಟಿಸಿದೆ. ಬಿಸಿಲಿಗೆ ಹಪ್ಪಳದ ಹಾಗೆ ಸೊಟ್ಟಗಾಯಿತು. ಹಲಗೆ ಹಿಡಿದು ನಿಂತ ನನ್ನನ್ನು ನೋಡಿ ಮಾವ, "ಏನಪ್ಪ ಇಂಜಿನಿಯರು, ಆಲೆಮನೆಗೆ ಚೌಕಾಬಾರ ಆಡಕ್ ಬಂದಿದ್ದೀಯಾ?" ಅಂದರು.

ಆಮೇಲೆ ಸ್ಟಿಕ್ಕರ್ ಅಂಗಡಿಯಲ್ಲಿ ಮಿಂಚಿಲ್ಲದ ವಿನೈಲ್, ದಪ್ಪ ಗಾಜು. ಎರಡೂ ಸೇರಿ ಏಳುನೂರರ ಆಸುಪಾಸು. ರೀಪ್ರೊಜೆಕ್ಷನ್ ಎರರ್ (ಚೌಕದ ಮೂಲೆ ಚಿತ್ರದಲ್ಲಿ ಕಂಡ ಜಾಗಕ್ಕೂ ಲೆಕ್ಕ ಹೇಳುವ ಜಾಗಕ್ಕೂ ಇರುವ ಅಂತರ) 0.2 ಪಿಕ್ಸೆಲ್ ಬಂತು. ಕುಣಿದಾಡಿದೆ. ಆದರೆ ಜಾಗ ಗೊತ್ತಿರುವ ಗುರುತುಗಳಿಂದ ಕ್ಯಾಮೆರಾ ಎಲ್ಲಿದೆ ಅಂತ ಹುಡುಕುವ ಸಾಲ್ವ್‌ಪಿಎನ್‌ಪಿ ಲೆಕ್ಕದಲ್ಲಿ ಕ್ಯಾಮೆರಾ 16 ಅಡಿ ಎತ್ತರದಲ್ಲಿದೆ, ಟೇಪಿನಲ್ಲಿ 14! (ಆ ಲೆಕ್ಕ ಕೊಡುವ ಟಿವೆಕ್ ಅಂದರೆ ಕ್ಯಾಮೆರಾದಿಂದ ನೋಡಿದಾಗ ಅಂಗಳದ ಮೂಲಬಿಂದು ಇರುವ ಜಾಗ. ಅದನ್ನೇ ಕ್ಯಾಮೆರಾದ ಜಾಗ ಅಂದುಕೊಂಡು ಹಾಳು ಮಾಡಿದ ಎರಡು ದಿನ ಬೇರೆ. ಆ ತಪ್ಪು ನೀವೂ ಒಮ್ಮೆ ಮಾಡಿರುತ್ತೀರಿ.)

ತಪ್ಪು ನನ್ನದೇ. ಮೂವತ್ತು ಚಿತ್ರದಲ್ಲೂ ಹಲಗೆಯನ್ನು ನೇರವಾಗಿ, ನಡುಮಧ್ಯದಲ್ಲೇ ಹಿಡಿದಿದ್ದೆ. ಒಂದಕ್ಕೊಂದು ಸಮಾನಾಂತರವಾದ ಹಲಗೆಗಳಿಂದ ಹೊಸದೇನೂ ಸಿಗಲ್ಲ ಅಂತ ಈ ಚೌಕದ ಹಲಗೆಯ ವಿಧಾನ ರೂಪಿಸಿದ ಝಾಂಗ್ 2000ದಲ್ಲೇ ಬರೆದಿದ್ದಾರೆ. ಫೋಕಲ್ ಲೆಂತ್ (ಲೆನ್ಸ್ ಎಷ್ಟು ದೊಡ್ಡದಾಗಿ ತೋರಿಸುತ್ತದೆ ಅನ್ನುವ ಅಳತೆ) ತಪ್ಪಿದ್ದರೂ ದೂರ ಅದಕ್ಕೆ ತಕ್ಕಂತೆ ಹಿಗ್ಗಿ, ಎರರ್ ಮಾತ್ರ ಚಿಕ್ಕದಾಗೇ ಕಾಣುತ್ತದೆ. ಈ ಸಲ ಹಲಗೆಯನ್ನು 45 ಡಿಗ್ರಿ ಹತ್ತಿರ ಓರೆ ಮಾಡಿ, ಚಿತ್ರದ ನಾಲ್ಕೂ ಮೂಲೆಗೆ ಒಯ್ದು ತೆಗೆದೆ. ಎರರ್ 0.5 ಆಯಿತು, ಜಾಸ್ತಿ! ಆದರೆ ಎತ್ತರ 14 ಅಡಿ 2 ಇಂಚು. ಅವತ್ತಿಂದ ನಾನು ಎರರ್‌ಗಿಂತ ಟೇಪನ್ನೇ ನಂಬುತ್ತೇನೆ.

ಇನ್ನೊಂದು ಪೆಟ್ಟು ಸಬ್‌ಸ್ಟ್ರೀಮಿನದು, ಅಂದರೆ ಕ್ಯಾಮೆರಾ ಜೊತೆಗೇ ಕಳಿಸುವ ಚಿಕ್ಕ ಗಾತ್ರದ ವಿಡಿಯೋದು. ಕ್ಯಾಲಿಬ್ರೇಷನ್ 1920×1080ರಲ್ಲಿ ಮಾಡಿ, ಅಳತೆಯನ್ನು 704×576ರಲ್ಲಿ ಓಡಿಸಿದ್ದೆ. ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತದೆ ಅನ್ನೋದು ಹೊಳೆಯಲು ಒಂದು ವಾರ ಬೇಕಾಯಿತು.

ನಡುವೆ ಮನೆಯ 43 ಇಂಚಿನ ಟಿವಿಯಲ್ಲೇ ಚೌಕ ತೋರಿಸಿ ಫೋನ್ ಕ್ಯಾಮೆರಾ ಕ್ಯಾಲಿಬ್ರೇಟ್ ಮಾಡಿದೆ. ತೆರೆ ಸಮತಟ್ಟು, ಖರ್ಚಿಲ್ಲ. ಹತ್ತಿರ ಹೋದರೆ ಮಾತ್ರ ಗೆರೆಗೆರೆಯಾಗಿ ಅಲೆ ಏಳುತ್ತದೆ. ಫೋನಿನ ಸ್ಟೆಬಿಲೈಸೇಷನ್, ಆಟೋಫೋಕಸ್ ಆಫ್ ಮಾಡದಿದ್ದರೆ ಪ್ರತಿ ಚಿತ್ರಕ್ಕೂ ಕ್ಯಾಮೆರಾ ಬೇರೆ.

ಕ್ಯಾಮೆರಾದ ಜಾಗ ಲೆಕ್ಕ ಹಾಕಲು ಅಂಗಳದಲ್ಲಿ ಆರು ಗುರುತು ಬಳಿದಿದ್ದೇನೆ. ನಾಲ್ಕು ನೆಲದಲ್ಲಿ, ಎರಡು ಗೋಡೆಯ ಮೇಲೆ. ಎಲ್ಲಾ ನೆಲದಲ್ಲೇ ಇದ್ದಾಗ ಉತ್ತರ ಒಮ್ಮೊಮ್ಮೆ ಮಗುಚಿಕೊಳ್ಳುತ್ತಿತ್ತು. ಕಬ್ಬಿನ ಸಿಪ್ಪೆ ಮುಚ್ಚಿದಾಗಲೂ ಗುರುತು ಹೇಗೆ ಹುಡುಕುತ್ತೇನೆ ಅನ್ನೋದನ್ನು ಸದ್ಯಕ್ಕೆ ಹೇಳಲ್ಲ. ಗಾಳಿಗೆ ಕಂಬ ವಾಲುವುದರಿಂದ ದಿನಾ ಬೆಳಿಗ್ಗೆ ಲೆಕ್ಕ ಹೊಸದಾಗಿ ಹಾಕಬೇಕು. ಅದು ತಾನಾಗೇ ಆಗುತ್ತದೆ.

ಪೋಲಾದದ್ದೂ ಸೇರಿ ಒಟ್ಟು ಐದು ಸಾವಿರ ಮೀರಿಲ್ಲ. ಮೊನ್ನೆ ಮಳೆಗೆ ಎರಡು ಗುರುತು ಅಳಿಸಿ, ಬಣ್ಣಕ್ಕೆ ಇನ್ನೂರು ರೂಪಾಯಿ ಮತ್ತೆ ಹೋಯಿತು. ಅದನ್ನು ಮಾವನೇ ಕೊಟ್ಟರು.