ಲ್ವಾರ್ ಕಣಿವೆಯ ಹಳೇ ಊರುಗಳು: ಸಂತೆ ದಿನ ನೋಡಿ ಹೊರಡಿ

ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಫ್ರಾನ್ಸಿಗೆ ಹೊರಟವರ ಪಟ್ಟಿಯಲ್ಲಿ ಪ್ಯಾರಿಸ್ಸಿಗೆ ನಾಲ್ಕು ದಿನ ಇದ್ದರೆ ‘ಲ್ವಾರ್ ಕೋಟೆಗಳು’ ಎಂದು ಒಂದು ದಿನ ಇರುತ್ತದೆ. ಬೆಳಿಗ್ಗೆ ಬಸ್ಸು ಹತ್ತಿಸಿ, ಮೂರು ಅರಮನೆ ತೋರಿಸಿ, ರಾತ್ರಿ ವಾಪಸ್ ತಂದು ಬಿಡುತ್ತಾರೆ. ಅರಮನೆ ನೋಡಿದ ಹಾಗಾಯಿತು, ಆದರೆ ಊರು ನೋಡಿದ ಹಾಗಾಗಲಿಲ್ಲ. ಸುಮಾರು ಸಾವಿರ ಕಿಲೋಮೀಟರ್ ಹರಿಯುವ ಈ ನದಿಯ ನಡುಭಾಗವನ್ನು, ಸುಲ್ಲಿಯಿಂದ ಶಲೋನ್‌ವರೆಗೆ, ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಬರೀ ಅರಮನೆಗಳಿಗಾಗಿ ಅಲ್ಲ. ದಂಡೆಯ ಊರು, ಒಡ್ಡು, ತೋಟ, ಸೇತುವೆ ಎಲ್ಲ ಸೇರಿ ಅದು ಒಂದು ನೋಟ. ಅದಕ್ಕೆ ಕನಿಷ್ಠ ಐದು ರಾತ್ರಿ ಇಡಿ.

ವೀಸಾದ ಮಾತು ಮೊದಲು ಮುಗಿಸೋಣ. ಪಾಸ್‌ಪೋರ್ಟ್ ಕೆಲಸ ಹುಬ್ಬಳ್ಳಿಯ ಸೇವಾ ಕೇಂದ್ರದಲ್ಲೇ ಆಗುತ್ತದೆ, ಆದರೆ ಷೆಂಗೆನ್ ವೀಸಾದ ಬೆರಳಚ್ಚಿಗೆ ಬೆಂಗಳೂರಿಗೆ ಹೋಗಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಆಗದು. ಬೇಸಿಗೆಯ ಪ್ರವಾಸಕ್ಕೆ ಎರಡು-ಮೂರು ತಿಂಗಳು ಮೊದಲೇ ದಿನ ಗೊತ್ತು ಮಾಡಿಕೊಳ್ಳಿ. 2024ರ ಜೂನ್‌ನಿಂದ ದೊಡ್ಡವರ ಶುಲ್ಕ 90 ಯೂರೊ, ಸೇವಾ ಕೇಂದ್ರದ ಶುಲ್ಕ ಬೇರೆ. ವಿಮೆ ಕನಿಷ್ಠ 30,000 ಯೂರೊದ್ದು ಇರಬೇಕು. ತೊಡಕಾಗುವುದು ಹೆಚ್ಚಾಗಿ ಎರಡು ಕಡೆ: ಒಂದೆರಡು ರಾತ್ರಿಗೆ ವಸತಿಯ ಬುಕಿಂಗ್ ತೋರಿಸದೆ ಬಿಟ್ಟಿರುವುದು, ಅರ್ಜಿಯ ಹಿಂದಿನ ವಾರ ಬ್ಯಾಂಕ್ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ಬಂದಿರುವುದು.

ಬಿಡಾರ ಒಂದೇ ಊರಿನಲ್ಲಿರಲಿ. ದಿನಕ್ಕೊಂದು ಊರಿನಲ್ಲಿ ಉಳಿದರೆ ಅರ್ಧ ಹೊತ್ತು ಪೆಟ್ಟಿಗೆ ಕಟ್ಟುವುದರಲ್ಲೇ ಹೋಗುತ್ತದೆ. ಕಾರಿಲ್ಲದವರಿಗೆ ತೂರ್ ಪಟ್ಟಣವೇ ಸರಿ. ಅದೇನೂ ಸಣ್ಣ ಊರಲ್ಲ, ಆದರೆ ನಮ್ಮ ಹುಬ್ಬಳ್ಳಿ ಜಂಕ್ಷನ್ನಿನ ಹಾಗೆ ಎಲ್ಲ ದಿಕ್ಕಿನ ರೈಲೂ ಅಲ್ಲಿಂದ ಹೊರಡುತ್ತದೆ. ಆಂಬ್ವಾಜ್ ಮತ್ತು ಲಾಂಜೆಗೆ ಸುಮಾರು 20 ನಿಮಿಷ, ಶೆನೊನ್ಸೊಗೆ ಅರ್ಧ ತಾಸು, ಬ್ಲ್ವಾ ಮತ್ತು ಸೋಮ್ಯೂರ್‌ಗೆ ಮುಕ್ಕಾಲು ತಾಸಿನೊಳಗೆ, ಶಿನೋಂ ಮತ್ತು ಲೋಶ್‌ಗೆ ಒಂದು ತಾಸಿನ ಆಸುಪಾಸು. ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯೊಳಗೆ ಕೋಣೆ ಹಿಡಿಯಿರಿ.

ತೂರ್ ಮುಟ್ಟುವಲ್ಲಿ ಒಂದು ಗೊಂದಲ ಕಾದಿರುತ್ತದೆ. ವೇಗದ ಟಿಜಿವಿ ರೈಲುಗಳಲ್ಲಿ ಹಲವು ತೂರ್‌ಗೆ ಬರುವುದೇ ಇಲ್ಲ. ಪಕ್ಕದ ಸೇಂ-ಪಿಯೆರ್-ದೆ-ಕೋರ್‌ನಲ್ಲಿ ನಿಂತು ಬೋರ್ಡೋ ಕಡೆಗೆ ಹೋಗಿಬಿಡುತ್ತವೆ. ಅಲ್ಲಿಳಿದು ಎದುರು ಹಳಿಯ ಸಣ್ಣ ರೈಲು ಹಿಡಿದರೆ ಐದು ನಿಮಿಷದಲ್ಲಿ ತೂರ್. ಟಿಕೆಟ್ ತೆಗೆಯುವಾಗಲೇ ಕೊನೆಯ ನಿಲ್ದಾಣ ‘ತೂರ್’ ಎಂದು ಕೊಟ್ಟರೆ ಆ ತುಂಡು ಪ್ರಯಾಣವೂ ಅದರಲ್ಲೇ ಸೇರುತ್ತದೆ. ನಿಲುಗಡೆ ಕೆಲವೇ ನಿಮಿಷ. 1,507 ಮೀಟರ್ ಪ್ಲಾಟ್‌ಫಾರ್ಮಿನ ಹುಬ್ಬಳ್ಳಿಯವರು ಅಲ್ಲಿ ಸಾವಕಾಶ ಸಾಮಾನು ಇಳಿಸಲು ಹೋದರೆ ಬೋರ್ಡೋ ನೋಡಿ ಬರಬೇಕಾಗುತ್ತದೆ. ಹೆಸರು ಕೇಳುವ ಮೊದಲೇ ಬಾಗಿಲ ಹತ್ತಿರ ನಿಂತಿರಿ.

ಪ್ಯಾರಿಸ್ಸಿನ ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲಿನಲ್ಲೇ ಟಿಜಿವಿ ನಿಲ್ದಾಣವಿದೆ. ಅಲ್ಲಿಂದ ನೇರ ರೈಲು ದಿನಕ್ಕೆ ಕೆಲವೇ ಇವೆ. ವಿಮಾನ ಇಳಿಯುವ ಹೊತ್ತಿಗೂ ರೈಲಿಗೂ ಮೂರು ತಾಸು ಅಂತರ ಇಡಿ. ಟಿಜಿವಿ ಟಿಕೆಟ್ ಆ ಒಂದು ರೈಲಿಗೆ ಮಾತ್ರ, ವಿಮಾನ ತಡವಾಯಿತೆಂದು ಮುಂದಿನದಕ್ಕೆ ಹತ್ತಲಾಗದು. ನೇರ ರೈಲು ಸಿಗದಿದ್ದರೆ ನಗರದೊಳಗೆ ಮೋಂಪಾರ್ನಾಸ್ ನಿಲ್ದಾಣಕ್ಕೆ ಹೋದರೆ ಅಲ್ಲಿಂದ ಒಂದು ತಾಸು ಚಿಲ್ಲರೆ. ಟಿಜಿವಿ ಟಿಕೆಟ್ ಬೇಗ ತೆಗೆದಷ್ಟು ಅಗ್ಗ. ತೂರ್ ಸುತ್ತಲಿನ ಪ್ರಾಂತೀಯ ರೈಲಿಗೆ ಆ ಅವಸರ ಬೇಡ, ಹೊರಡುವ ದಿನ ತೆಗೆದರೂ ನಡೆಯುತ್ತದೆ.

ಇನ್ನು ಯಾವ ದಿನ ಯಾವ ಊರು ಎಂಬ ಪ್ರಶ್ನೆ. ಅರಮನೆ ವಾರವಿಡೀ ತೆರೆದಿರುತ್ತದೆ, ಊರು ಹಾಗಲ್ಲ. ಮಧ್ಯಾಹ್ನ 12ರಿಂದ 2ರವರೆಗೆ ಸಣ್ಣ ಊರುಗಳ ಅಂಗಡಿ ಮುಚ್ಚುತ್ತವೆ. ರವಿವಾರ ಮಧ್ಯಾಹ್ನದ ಮೇಲೆ ಬೀದಿ ಭಣಗುಡುತ್ತದೆ, ಸೋಮವಾರ ಅರ್ಧಕ್ಕರ್ಧ ಅಂಗಡಿ, ಹೋಟೆಲು ಬಾಗಿಲು ಹಾಕಿರುತ್ತವೆ. ಊರು ಮೈತುಂಬಿಕೊಳ್ಳುವುದು ಸಂತೆಯ ಬೆಳಿಗ್ಗೆ, ಎಂಟರಿಂದ ಹನ್ನೆರಡೂವರೆ ತನಕ. ಶಿನೋಂ ಸಂತೆ ಗುರುವಾರ. ಲೋಶ್‌ನದು ಬುಧವಾರ ಮತ್ತು ಶನಿವಾರ. ಸೋಮ್ಯೂರ್‌ನ ದೊಡ್ಡ ಸಂತೆಯೂ ಶನಿವಾರವೇ. ಆಂಬ್ವಾಜ್‌ನಲ್ಲಿ ಶುಕ್ರವಾರ ಒಂದು, ರವಿವಾರ ಅದಕ್ಕಿಂತ ದೊಡ್ಡದು, ಎರಡೂ ನದಿ ದಂಡೆಯಲ್ಲಿ. ಹಾಗಾಗಿ ಬುಧವಾರ ತೂರ್ ತಲುಪುವುದು ಒಳ್ಳೇದು. ಗುರುವಾರ ಶಿನೋಂ, ಶುಕ್ರವಾರ ಶೆನೊನ್ಸೊ, ಶನಿವಾರ ಲೋಶ್, ರವಿವಾರ ಆಂಬ್ವಾಜ್. ಸಂತೆಯ ಗೊಡವೆ ಇಲ್ಲದ ಬ್ಲ್ವಾ ಕೋಟೆ ಸೋಮವಾರಕ್ಕೆ. ಸೋಮ್ಯೂರ್ ಬೇಕೆನ್ನುವವರು ಇನ್ನೆರಡು ರಾತ್ರಿ ಸೇರಿಸಿ. ಶೆನೊನ್ಸೊಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಹತ್ತೂವರೆಯ ನಂತರ ಬಸ್ಸುಗಳ ಜಾತ್ರೆ. ಅಂದಹಾಗೆ, ಬೋರ್ಡಿನಲ್ಲಿ ಶೆನೊನ್ಸೊ ಊರಿನ ಹೆಸರಿನ ಕೊನೆಗೆ ‘ಎಕ್ಸ್’ ಅಕ್ಷರ ಇರುತ್ತದೆ, ಅರಮನೆಯ ಹೆಸರಿಗೆ ಇರುವುದಿಲ್ಲ. ಎರಡರ ಉಚ್ಚಾರವೂ ಒಂದೇ, ನಿಲ್ದಾಣದಿಂದ ಅರಮನೆಯ ಬಾಗಿಲೂ ಪಕ್ಕದಲ್ಲೇ.

ರೈಲಿನ ವೇಳಾಪಟ್ಟಿಯಲ್ಲಿ ‘ಕಾರ್’ ಎಂದು ಕಂಡರೆ ಅದು ಮೋಟಾರು ಕಾರಲ್ಲ, ರೈಲಿನ ಬದಲು ಓಡುವ ಬಸ್ಸು. ಶಿನೋಂ, ಲೋಶ್ ದಾರಿಯಲ್ಲಿ ಇದು ಮಾಮೂಲು. ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತ ಕೂತವರು ನಿಲ್ದಾಣದ ಹೊರಗಿಂದ ಹೊರಟ ಬಸ್ಸು ತಪ್ಪಿಸಿಕೊಳ್ಳುತ್ತಾರೆ, ಮುಂದಿನದು ಎರಡು ತಾಸಿನ ಮೇಲೆ. ಸಂಜೆಯ ಕೊನೆಯ ಗಾಡಿ ಎಷ್ಟಕ್ಕೆ ಎಂದು ಬೆಳಿಗ್ಗೆ ಇಳಿದ ಕೂಡಲೇ ಫೋಟೊ ತೆಗೆದಿಟ್ಟುಕೊಳ್ಳಿ. ರವಿವಾರದ ಪಟ್ಟಿಯೇ ಬೇರೆ. ನಿಲ್ದಾಣ ಎಲ್ಲಿದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಆಂಬ್ವಾಜ್ ಮತ್ತು ಸೋಮ್ಯೂರ್ ನಿಲ್ದಾಣಗಳು ಹೊಳೆಯ ಬಡಗಣ ದಂಡೆಗಿವೆ, ಕೋಟೆ ತೆಂಕಣ ದಂಡೆಗಿದೆ. ಸೇತುವೆ ದಾಟಿ 15-20 ನಿಮಿಷ ನಡೆಯಬೇಕು. ಅಜೆ-ಲ-ರಿದೊ ಎಂಬ ಇನ್ನೊಂದು ಅರಮನೆಯೂರಿನ ನಿಲ್ದಾಣ ಊರಿಂದ ಸುಮಾರು ಎರಡು ಕಿಲೋಮೀಟರ್ ಆಚೆ. ವಯಸ್ಸಾದವರು ಜೊತೆಗಿದ್ದರೆ ಲಾಂಜೆ ಸುಲಭ, ಅಲ್ಲಿ ಇಳಿದರೆ ಊರೊಳಗೇ ಇಳಿದಂತೆ.

ಒಂದೇ ಊರಿಗೆ ಹೊತ್ತಿದ್ದರೆ ಲೋಶ್ ಆರಿಸಿ ಎನ್ನುತ್ತೇವೆ. ಹೆಚ್ಚಿನ ಜನ ಹೇಳುವುದು ಆಂಬ್ವಾಜ್, ಆದರೆ ಗದಗ-ಹಾವೇರಿ ಕಡೆಯ ಕಣ್ಣಿಗೆ ಲೋಶ್ ಬೇಗ ಅರ್ಥವಾಗುತ್ತದೆ. ಅಗಸಿ ದಾಟಿದರೆ ಮೇಲೂರು, ಕೆಳಗೆ ಪೇಟೆ, ಸುತ್ತ ಗೋಡೆ ಮತ್ತು ಹುಡೇವು. ಒಂದು ತುದಿಗೆ ಸುಮಾರು 36 ಮೀಟರ್ ಎತ್ತರದ ಚೌಕ ಗೋಪುರ ನಿಂತಿದೆ. ಆಂಜೂ ಪ್ರಾಂತದ ದೊರೆ ಫುಲ್ಕ್ ನೆರ್ರಾ ಕಟ್ಟಿಸಿದ್ದು. ಅದರ ಮರದ ತುಂಡುಗಳ ಉಂಗುರ ಎಣಿಸಿ 1013ರಿಂದ 1035ರ ನಡುವಿನದು ಎಂದು ಗುರುತಿಸಿದ್ದಾರೆ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದ್ದು 1007ರಲ್ಲಿ, ಅಂದರೆ ಇವರಿಬ್ಬರೂ ಸಮಕಾಲೀನರು. ಗೋಪುರ ಹತ್ತಿ ಇಳಿದ ಮೇಲೆ ಸೇಂ-ಉರ್ಸ್ ಇಗರ್ಜಿಗೆ ಹೋಗಿ ನಡುಮನೆಯಲ್ಲಿ ನಿಂತು ತಲೆ ಎತ್ತಿ ನೋಡಿ. ಅಲ್ಲಿ ಚಾವಣಿಯ ಬದಲು ಎರಡು ಟೊಳ್ಳು ಕಲ್ಲಿನ ಶಿಖರಗಳಿವೆ, ಎಂಟು ಮೂಲೆಯವು. ನಮ್ಮಲ್ಲಿ ಶಿಖರವನ್ನು ಹೊರಗಿಂದ ನೋಡುತ್ತೇವೆ, ಇಲ್ಲಿ ಒಳಗಿಂದ. 1450ರಲ್ಲಿ ತೀರಿಕೊಂಡ ಆನ್ಯೆಸ್ ಸೊರೆಲ್‌ಳ ಸಮಾಧಿಯೂ ಇಲ್ಲೇ ಇದೆ. ಏಳನೇ ಶಾರ್ಲ್ ದೊರೆಯ ಪ್ರೇಯಸಿ ಆಕೆ, ಪ್ರತಿಮೆಯ ಕಾಲ ಬಳಿ ಎರಡು ಕುರಿಮರಿ.

ಊರುಗಳೆಲ್ಲ ಯಾಕಿಷ್ಟು ಬೆಳ್ಳಗೆ ಕಾಣುತ್ತವೆ ಎಂದರೆ ತೂಫೊ ಎಂಬ ಸುಣ್ಣಗಲ್ಲಿನಿಂದ. ನಮ್ಮ ಬಳಪದ ಕಲ್ಲಿನ ಹಾಗೆ ಮೆತ್ತಗಿನದು, ಉಳಿಗೆ ಬೇಗ ಬಗ್ಗುತ್ತದೆ. ಕಿಟಕಿ ಚೌಕಟ್ಟಿನ ಮೇಲೂ ಬಳ್ಳಿ ಕೆತ್ತಿದ್ದು ಅದಕ್ಕೇ. ನೀರು ಹೀರುವ ಗುಣದಿಂದ ಅದು ಪದರು ಪದರಾಗಿ ಉದುರುತ್ತದೆ ಕೂಡ. ಗೋಡೆಯಲ್ಲಿ ಅಲ್ಲಲ್ಲಿ ಎದ್ದು ಕಾಣುವ ಹೊಸ ಬಿಳಿ ತುಂಡುಗಳು ಸವೆದ ಕಲ್ಲು ತೆಗೆದು ಕೂಡಿಸಿದವು. ಕಲ್ಲು ತೆಗೆದ ಗುಡ್ಡದಲ್ಲಿ ಉಳಿದ ಗವಿಗಳನ್ನು ಜನ ಮನೆ ಮಾಡಿಕೊಂಡರು, ವೈನ್ ಪೀಪಾಯಿ ಇಟ್ಟರು, ಸೋಮ್ಯೂರ್ ಸುತ್ತ ಅಣಬೆ ಬೆಳೆದರು. ನಮ್ಮ ಹಗೇವಿನ ಹಾಗೆ ಒಳಗೆ ಬೇಸಿಗೆಯಲ್ಲೂ ತಂಪು, ಸುಮಾರು 12 ಡಿಗ್ರಿ. ಗವಿಗೆ ಹೋಗುವ ದಿನ ಜುಲೈ ಆದರೂ ಸ್ವೆಟರ್ ಬೇಕು.

ಶಿನೋಂ ಇರುವುದು ಲ್ವಾರ್ ಮೇಲಲ್ಲ, ಅದನ್ನು ಕೂಡುವ ವಿಯೆನ್ ಹೊಳೆಯ ಮೇಲೆ. ಸಂತೆ ಮುಗಿಸಿ ಹಳೇ ಓಣಿಗೆ ಹೋಗಿ. ವೊಲ್ತೇರ್ ಬೀದಿಯಿಂದ ಓತ್-ಸೇಂ-ಮೋರಿಸ್ ಬೀದಿಯವರೆಗೆ ಮರದ ಚೌಕಟ್ಟಿನ ಮನೆಗಳ ಸಾಲು. ಮೂಲೆಗಂಬದ ಕೆತ್ತನೆ ತಲೆಯ ಎತ್ತರಕ್ಕಿಂತ ಮೇಲಿರುವುದರಿಂದ ಅಂಗಡಿ ನೋಡುತ್ತ ನಡೆದವರಿಗೆ ತಪ್ಪಿಹೋಗುತ್ತದೆ. ಮೇಲಿನ ಕೋಟೆಯಲ್ಲೇ 1429ರಲ್ಲಿ ಜೋನ್ ಆಫ್ ಆರ್ಕ್ ಏಳನೇ ಶಾರ್ಲ್‌ನನ್ನು ಕಂಡದ್ದು. ಇಂಗ್ಲೆಂಡಿನ ಎರಡನೇ ಹೆನ್ರಿ 1189ರಲ್ಲಿ ತೀರಿಕೊಂಡದ್ದೂ ಈ ಊರಲ್ಲೇ. ಆಂಬ್ವಾಜ್‌ನಲ್ಲಿ ಲಿಯೊನಾರ್ಡೊ ಡಾ ವಿಂಚಿಯ ಹೆಸರಿಗೆ ಸರದಿ ಇರುತ್ತದೆ. ಆತ 1516ರಲ್ಲಿ ಬಂದು, 1519ರ ಮೇ 2ರಂದು ಕ್ಲೋ ಲ್ಯೂಸೆ ಮನೆಯಲ್ಲಿ ತೀರಿಕೊಂಡ. ಮನೆಗೂ ಕೋಟೆಗೂ ಟಿಕೆಟ್ ಬೇರೆ ಬೇರೆ. ಕೋಟೆಯೊಳಗೆ ಕುದುರೆ ಗಾಡಿ ಸುತ್ತು ಸುತ್ತಾಗಿ ಹತ್ತುತ್ತಿದ್ದ ಇಳಿಜಾರಿನ ಬುರುಜು ಬಿಟ್ಟು ಬರಬೇಡಿ. ಮೆಟ್ಟಿಲಿಲ್ಲದ ಕಾರಣ ಮೊಣಕಾಲು ನೋವಿನವರಿಗೂ ಸಲೀಸು.

ಊಟಕ್ಕೆ ತಯಾರಿ ಬೇಕು. ಅಡುಗೆಮನೆ 12ಕ್ಕೆ ತೆರೆದು 2ಕ್ಕೆ ಬಂದ್, ಮತ್ತೆ ಸಂಜೆ 7ಕ್ಕೆ. ಎರಡೂವರೆಗೆ ಹಸಿದು ಹೋದರೆ ಬರೀ ಕಾಫಿ. ಶಾಕಾಹಾರಿಗಳು ‘ವೆಜಿತಾರಿಯಂ’ ಎಂದಷ್ಟೇ ಹೇಳಿ ಬಿಡಬೇಡಿ, ಮೀನು ಬಂದೀತು. ‘ಸಾಂ ವ್ಯಾಂದ್, ಸಾಂ ಪ್ವಾಸೋಂ’ ಎಂದರೆ ಮಾಂಸ ಬೇಡ, ಮೀನು ಬೇಡ. ಮೊಟ್ಟೆ ಬೇಡವಾದರೆ ‘ಸಾಂಜ಼್ ಅಫ್’ ಸೇರಿಸಿ. ಈರುಳ್ಳಿ ಸೂಪಿನಲ್ಲಿ ಹೆಚ್ಚಾಗಿ ದನದ ಮಾಂಸದ ಕಟ್ಟು ಇರುತ್ತದೆ. ಸೇಂತ್-ಮೋರ್ ಎಂಬ ಆಡಿನ ಹಾಲಿನ ಚೀಸ್, ನಡುವೆ ಹುಲ್ಲುಕಡ್ಡಿ ಚುಚ್ಚಿದ್ದು, ಇಲ್ಲಿನ ಹೆಮ್ಮೆ. ಆದರೆ ಇಂಥ ಚೀಸ್‌ಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ಹೆಪ್ಪು ಬಳಸುತ್ತಾರೆ. ಮಡಿ ನೋಡುವವರು ಇದನ್ನು ತಿಳಿದು ತೀರ್ಮಾನಿಸಲಿ. ನಮ್ಮ ಬಾಯಿಗೆ ಹಿಡಿಸುವುದು ಫುವೆ, ಕಟ್ಟಿಗೆ ಒಲೆಯಲ್ಲಿ ಉಬ್ಬಿದ ಪುಟ್ಟ ರೊಟ್ಟಿ. ಒಳಗೆ ಬೆಣ್ಣೆ ಅಥವಾ ಬಿಳಿ ಅವರೆಯಂಥ ಕಾಳು ತುಂಬಿಸಿಕೊಳ್ಳಿ, ಹಂದಿಯ ರಿಯೆತ್ ಬೇಡ ಎಂದು ಮೊದಲೇ ಹೇಳಿ, ಕಾಳಿಗೆ ಕೊಬ್ಬು ಹಾಕಿದೆಯೇ ಎಂದೂ ಕೇಳಿ. ಊರಿಂದ ಒಯ್ಯುವುದಾದರೆ ಕಡಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ. ಮಾಂಸ ಮತ್ತು ಹಾಲಿನ ಪದಾರ್ಥ ಯುರೋಪಿನ ಒಕ್ಕೂಟದೊಳಗೆ ಒಯ್ಯಲು ಬಿಡುವುದಿಲ್ಲ. ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ, ಧಾರವಾಡ ಪೇಡೆಯ ವಿಷಯದಲ್ಲೂ ಕಸ್ಟಮ್ಸ್ ಮುಂದೆ ವಾದ ಮಾಡುವಂಥ ಧೈರ್ಯ ಬೇಡ.

ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೋಂಜೂರ್ ಮದಾಂ’ ಅಥವಾ ‘ಬೋಂಜೂರ್ ಮಸಿಯೋ’. ಇದು ನಮ್ಮ ಮಾತಿನ ಕೊನೆಯ ‘ರೀ’ ಇದ್ದಂತೆ, ಇಲ್ಲದಿದ್ದರೆ ಒರಟು. ನೇರವಾಗಿ ‘ಇದೆಷ್ಟು’ ಎಂದು ಕೇಳಿದವರಿಗೆ ಉತ್ತರ ನಿಧಾನವಾಗಿ ಬರುತ್ತದೆ. ಹೋಟೆಲಿನಲ್ಲಿ ‘ಕರಾಫ್ ದೊ’ ಕೇಳಿದರೆ ಕುಡಿಯುವ ನಲ್ಲಿನೀರು ಪುಕ್ಕಟೆ. ಸುಮ್ಮನೆ ‘ವಾಟರ್’ ಎಂದರೆ ದುಡ್ಡಿನ ಬಾಟಲಿ ಬರುತ್ತದೆ.

ಕಾರು ಬೇಕೆನ್ನುವವರು ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋಗಿ. ಓಡಿಸುವುದು ಬಲಕ್ಕೆ. ಫಲಕವಿಲ್ಲದ ಕೂಡುದಾರಿಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲ ಹಕ್ಕು, ಅದು ಸಣ್ಣ ಓಣಿಯಾದರೂ ಸರಿ. ಸೈಕಲ್ಲು ಅದಕ್ಕಿಂತ ಚೆಂದ. ಸೋಮ್ಯೂರ್‌ನಿಂದ ಹೊಳೆಯ ಮೇಲ್ಗಡೆಗೆ ಮೋಂಸೊರೋ ಸುಮಾರು 12 ಕಿಲೋಮೀಟರ್, ಅದಕ್ಕೆ ಅಂಟಿಕೊಂಡಂತೆ ಕಾಂದ್-ಸೇಂ-ಮಾರ್ತಾಂ. ವಿಯೆನ್ ಹೊಳೆ ಲ್ವಾರ್‌ಗೆ ಕೂಡುವುದು ಇಲ್ಲಿ. ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ಗುಡಿ ನಿಂತಂತೆ ಇಲ್ಲಿ ಇಗರ್ಜಿ ನಿಂತಿದೆ. ತೂರ್‌ನ ಬಿಷಪ್ ಆಗಿದ್ದ ಸಂತ ಮಾರ್ತಾಂ 397ರಲ್ಲಿ ತೀರಿಕೊಂಡ ಜಾಗ. ಇಗರ್ಜಿಯ ಹಿಂದಿನ ಏರು ಹತ್ತಿದರೆ ಎರಡೂ ಹೊಳೆ ಕೂಡುವುದು ಕಾಣುತ್ತದೆ. ಸಂಜೆ ಬಿಸಿಲಿಗೆ ಹೋಗಿ, ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ.

ಮರಳ ದಿಬ್ಬ ಕಂಡು ನೀರಿಗಿಳಿಯಬೇಡಿ. ತುಂಗಭದ್ರೆಯ ಮರಳು ಬಲ್ಲವರಿಗೂ ಈ ಹೊಳೆ ಮೋಸ ಮಾಡುತ್ತದೆ. ದಿಬ್ಬಗಳು ಜಾಗ ಬದಲಿಸುತ್ತವೆ, ಪಕ್ಕದಲ್ಲೇ ಸುಳಿ, ಕಾಲ ಕೆಳಗೆ ಕುಸಿಯುವ ಉಸುಕು. ನೀರಿನ ಮೇಲೆ ಹೋಗಬೇಕೆಂದರೆ ಚಪ್ಪಟೆ ತಳದ ಮರದ ದೋಣಿಗಳಿವೆ, ‘ತೂ’ ಎನ್ನುತ್ತಾರೆ. ದಂಡೆಯ ಮನೆಗಳ ಮತ್ತು ಸೇತುವೆಗಳ ಕಲ್ಲಲ್ಲಿ 1846, 1856, 1866 ಎಂದು ಅಡ್ಡಗೆರೆ ಕೊರೆದದ್ದು ಹುಡುಕಿ ನೋಡಿ. ಆ ಮೂರು ಮಹಾಪೂರಗಳಲ್ಲಿ ನೀರು ಏರಿದ್ದು ಆ ಗೆರೆಯವರೆಗೆ, ಕೆಲವು ಕಡೆ ನಿಂತವರ ತಲೆಗಿಂತ ಮೇಲೆ.