ಜಪಾನಿನಲ್ಲಿ ಮನೆ ಹೂಡಲು ಹೊರಟ ಮೈಸೂರಿನವರಿಗೆ

ಕೆಲಸಕ್ಕೋ ಓದಿಗೋ ಜಪಾನಿಗೆ ಹೊರಟು ನಿಂತ ಮೈಸೂರು, ಮಂಡ್ಯ ಕಡೆಯ ಮಕ್ಕಳು ನನ್ನನ್ನು ಮೊದಲು ಕೇಳುವುದು ಫ್ಯೂಜಿ ಪರ್ವತದ ವಿಷಯ. ಟೋಕಿಯೊದಲ್ಲಿ ನಾಲ್ಕು ವರ್ಷ ಸಂಸಾರ ಮಾಡಿ ಸರಸ್ವತಿಪುರಂಗೆ ಮರಳಿದ ನಾನು ಅವರಿಗೆ ಮೊದಲು ಹೇಳುವುದು ಕಸದ ವಿಷಯ.

ಅದಕ್ಕೂ ಮುನ್ನ ಮುಗಿಸಬೇಕಾದ ಕೆಲಸವೊಂದಿದೆ. ವಿಮಾನ ನಿಲ್ದಾಣದಲ್ಲಿ ಕೊಡುವ ನಿವಾಸಿ ಕಾರ್ಡನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು. ಮನೆ ಹಿಡಿದ 14 ದಿನಗಳೊಳಗೆ ಸ್ಥಳೀಯ ಆಡಳಿತ ಕಚೇರಿಗೆ ಹೋಗಿ ವಿಳಾಸವನ್ನು ನೋಂದಾಯಿಸಬೇಕು. ಉದ್ಯೋಗದ ಮೂಲಕ ಆರೋಗ್ಯ ವಿಮೆ ಇಲ್ಲದವರು ರಾಷ್ಟ್ರೀಯ ಆರೋಗ್ಯ ವಿಮೆಗೂ ಅಲ್ಲಿಯೇ ಹೆಸರು ಕೊಡಬಹುದು. ವಿಮೆಯಿದ್ದರೆ ಚಿಕಿತ್ಸೆಯ ವೆಚ್ಚದಲ್ಲಿ ಸಾಮಾನ್ಯವಾಗಿ ಶೇ. 30ರಷ್ಟನ್ನು ಮಾತ್ರ ನಾವು ಕೊಡಬೇಕಾಗುತ್ತದೆ. ಆ ಕಚೇರಿಯಿಂದ ಹೊರಡುವಾಗ ಯಾವ ಕಸ ಯಾವ ದಿನ ಎಂದು ತಿಳಿಸುವ ಕಸದ ಕ್ಯಾಲೆಂಡರನ್ನು ಕೇಳಿ ಪಡೆಯಲು ಮರೆಯಬಾರದು.

ನಮ್ಮಲ್ಲಿ ಕಸದ ಗಾಡಿ ಬಂದ ಸದ್ದು ಕೇಳಿಸಿದೊಡನೆ ಹಸಿ ಕಸ, ಒಣ ಕಸದ ಬಕೆಟ್ ಹಿಡಿದು ಬಾಗಿಲಿಗೆ ಬಂದರೆ ಮುಗಿಯಿತು. ಅಲ್ಲಿ ಹೆಚ್ಚಿನ ಕಡೆ ಗಾಡಿ ಬಾಗಿಲಿಗೆ ಬರುವುದಿಲ್ಲ. ಸುಡುವ ಕಸ, ಸುಡಲಾಗದ ಕಸ, ಪೆಟ್ ಬಾಟಲಿ, ಡಬ್ಬಿ, ಹಳೆಯ ಕಾಗದ ಎಂದು ವಿಂಗಡಿಸಿ, ಆಯಾ ಬಗೆಗೆ ಗೊತ್ತುಪಡಿಸಿದ ದಿನದಂದು, ಸಾಮಾನ್ಯವಾಗಿ ಬೆಳಿಗ್ಗೆ 8 ಗಂಟೆಯೊಳಗೆ, ಬೀದಿಯ ನಿಗದಿತ ಜಾಗದಲ್ಲಿ ಇಟ್ಟುಬರಬೇಕು. ತರಕಾರಿ ಸಿಪ್ಪೆಯೂ ನೀರು ಸೋರಿಸಿದ ಮೇಲೆ ಬಹುತೇಕ ಊರುಗಳಲ್ಲಿ ಸುಡುವ ಕಸಕ್ಕೇ ಸೇರುತ್ತದೆ ಎಂಬುದು ನಮ್ಮವರಿಗೆ ಬೇಗ ತಲೆಗೆ ಹೋಗುವುದಿಲ್ಲ. ಬಾಟಲಿಯ ಮುಚ್ಚಳ ತೆಗೆದು, ಲೇಬಲ್ ಸುಲಿದು, ಒಳಗೆ ನೀರು ಹಾಕಿ ಕುಲುಕಿ ತೊಳೆದಿಡಬೇಕು. ಎರಡನೆಯ ವಾರದಲ್ಲಿಯೇ ನಾನು ಸುಡುವ ಕಸದೊಳಗೆ ಎರಡು ಬಾಟಲಿಗಳನ್ನು ತುರುಕಿದ್ದೆ. ಸಂಜೆ ಬಂದು ನೋಡಿದರೆ ಇಡೀ ಬೀದಿಯ ಕಸ ಹೋಗಿ, ಕಾಗೆಗಳು ಕೆದಕದಂತೆ ಹೊದಿಸಿದ್ದ ಬಲೆಯ ಕೆಳಗೆ ನನ್ನ ಚೀಲವೊಂದೇ ಚೀಟಿ ಅಂಟಿಸಿಕೊಂಡು ಕುಳಿತಿತ್ತು. ಅದನ್ನು ಹೊತ್ತು ಮೆಟ್ಟಿಲು ಹತ್ತಿದ ನಾಚಿಕೆ ಇನ್ನೂ ನೆನಪಿದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರವಾಗಿರಬೇಕು. ಕಣ್ಣಿಗೆ ಬರೀ ತೋಫು, ಸೊಪ್ಪು ಕಾಣುವ ಮಿಸೊ ಸಾರಿಗೂ ಸಾಮಾನ್ಯವಾಗಿ ಒಣಮೀನಿನ ರಸವಾದ 'ದಾಶಿ' ಬಿದ್ದಿರುತ್ತದೆ; ಆದ್ದರಿಂದ ಮಾಂಸ ಬೇಡವೆಂದರೆ ಸಾಲದು, ದಾಶಿಯ ಬಗ್ಗೆಯೂ ಕೇಳಬೇಕು. ಹುಳಿಪುಡಿ, ಚಟ್ನಿಪುಡಿಗಳನ್ನು ಊರಿನಿಂದಲೇ ಒಯ್ಯುವುದು ಜಾಣತನವಾದರೂ ಕರಿಬೇವು, ನಂಜನಗೂಡು ರಸಬಾಳೆಯಂಥ ಹಸಿ ಪದಾರ್ಥಗಳನ್ನು ಪೆಟ್ಟಿಗೆಗೆ ಹಾಕಬಾರದು, ಏಕೆಂದರೆ ಸಸ್ಯ ತಪಾಸಣೆಯಲ್ಲಿ ಅವು ನಿಲ್ದಾಣದಲ್ಲಿಯೇ ಉಳಿಯುತ್ತವೆ. ಬೇಳೆ, ಹಿಟ್ಟುಗಳಿಗೆ ಭಾರತೀಯರು ಹೆಚ್ಚಾಗಿ ನೆಲೆಸಿರುವ ಟೋಕಿಯೊದ ನಿಶಿ-ಕಸಾಯಿ ಕಡೆಯ ಅಂಗಡಿಗಳಿವೆ.

ಇಷ್ಟು ಕೈಗೆ ಹತ್ತಿದ ಮೇಲೆ ಸುತ್ತಾಟಕ್ಕೆ ಹೊರಡಬಹುದು. ಸುಯಿಕಾ ಅಥವಾ ಪಾಸ್ಮೊ ಕಾರ್ಡಿಗೆ ಹಣ ತುಂಬಿಸಿಕೊಂಡರೆ ರೈಲು, ಬಸ್ಸು, ಚಿಲ್ಲರೆ ಅಂಗಡಿ ಎಲ್ಲಕ್ಕೂ ಅದೊಂದೇ ನಡೆಯುತ್ತದೆ. ರೈಲಿನಲ್ಲಿ ಫೋನಿನಲ್ಲಿ ಮಾತನಾಡುವಂತಿಲ್ಲ. ಅಮ್ಮ ಊರಿನಿಂದ ಕರೆ ಮಾಡಿದರೂ ಇಳಿದ ಮೇಲೆಯೇ ಮಾತು.

ಮೊದಲ ಒಂದು ದಿನದ ಪ್ರಯಾಣಕ್ಕೆ ನಾನು ಸೂಚಿಸುವುದು ಕಾಮಾಕುರಾ ಊರು ಮತ್ತು ಎನೊಶಿಮಾ ದ್ವೀಪ. ಟೋಕಿಯೊ ನಿಲ್ದಾಣದಿಂದ ಕಾಮಾಕುರಾಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ನಮ್ಮ ಬೆಟ್ಟದ ನಂದಿಯಂತೆ ಬಿಸಿಲು ಮಳೆಗೆ ಮೈಯೊಡ್ಡಿ ಬಯಲಿನಲ್ಲಿ ಕುಳಿತಿರುವ, 11 ಮೀಟರಿಗೂ ಎತ್ತರದ ಕಂಚಿನ ಬುದ್ಧನನ್ನು ನೋಡಿಕೊಂಡು, ಮನೆಗಳ ಹಿತ್ತಿಲನ್ನು ಸವರಿಕೊಂಡೇ ಸಾಗುವ ಎನೊಡೆನ್ ಎಂಬ ಪುಟ್ಟ ರೈಲಿನಲ್ಲಿ ಎನೊಶಿಮಾ ನಿಲ್ದಾಣ ತಲುಪಿ, ಸೇತುವೆಯ ಮೇಲೆ ನಡೆದು ದ್ವೀಪ ಸೇರಬಹುದು. ಅಲ್ಲಿ ಪೂಜೆಗೊಳ್ಳುವ ಬೆನ್‌ಝೈತೆನ್ ನಮ್ಮ ಸರಸ್ವತಿಯೇ. ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ ಹಿಡಿದಿದ್ದಾಳೆ, ಅಷ್ಟೆ.

ಬುತ್ತಿ ಕಟ್ಟಿಕೊಂಡು ಹೋಗುವುದಾದರೆ ಕಡಲ ದಂಡೆಯ ಬಯಲಿನಲ್ಲಿ ಡಬ್ಬಿ ಬಿಚ್ಚಬಾರದು. ಹದ್ದುಗಳು ಹಿಂದಿನಿಂದ ಸದ್ದಿಲ್ಲದೆ ಎರಗಿ ಕೈಯಲ್ಲಿದ್ದುದನ್ನು ಕಿತ್ತೊಯ್ಯುತ್ತವೆ. ನನ್ನ ಪೂರಿಯೊಂದು ಹಾಗೆಯೇ ಹೋಯಿತು. ಸೂರಿನ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ಕುಳಿತು ತಿನ್ನುವುದು ಕ್ಷೇಮ. ದಾರಿಯಲ್ಲಿ ಕಸದ ಬುಟ್ಟಿ ಸಿಗುವುದು ಅಪರೂಪವಾದ್ದರಿಂದ ಖಾಲಿ ಚೀಲವೊಂದನ್ನು ಜೊತೆಗಿಟ್ಟುಕೊಂಡು, ಉಂಡ ಕಾಗದ, ಕುಡಿದ ಬಾಟಲಿಗಳನ್ನೆಲ್ಲ ಮನೆಗೆ ತಂದು, ಅವುಗಳ ದಿನ ಬರುವವರೆಗೆ ಬಾಲ್ಕನಿಯಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.