ಶಿವಮೊಗ್ಗದ ಬೀದಿಯಲ್ಲಿ ಜಿಪಿಎಸ್ ಚಿತ್ರ ಬಿಡಿಸುವ ಬಗೆ

ಓಡಿದ ದಾರಿ, ಸೈಕಲ್ ತುಳಿದ ದಾರಿಯನ್ನೇ ಗೆರೆ ಮಾಡಿಕೊಂಡು ನಕ್ಷೆಯ ಮೇಲೆ ಚಿತ್ರ ಮೂಡಿಸುವ ಈ ಆಟದಲ್ಲಿ ಮುಕ್ಕಾಲು ಕೆಲಸ ಮನೆಯಲ್ಲಿ ಕೂತೇ ಮುಗಿಯಬೇಕು. ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ: ಆನೆ ಬಿಡಿಸಬೇಕು ಅಂತ ತೀರ್ಮಾನಿಸಿ ಆಮೇಲೆ ರಸ್ತೆ ಹುಡುಕುತ್ತಾರೆ. ಆನೆಗೆ ಬೇಕಾದಲ್ಲಿ ರಸ್ತೆ ಇರುವುದಿಲ್ಲ. ಮೊದಲು ನಕ್ಷೆ ನೋಡಿ, ಅದರಲ್ಲಿ ಏನಿದೆಯೋ ಅದನ್ನು ಹೊರಗೆ ತೆಗೆಯಿರಿ.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯ ತಾಣದಲ್ಲಿ ನಿಮ್ಮ ಭಾಗವನ್ನು ಎ4 ಹಾಳೆಗೆ ಪ್ರಿಂಟ್ ಹಾಕಿ, ಹಾಳೆಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿ. ಉತ್ತರ ಮೇಲೇ ಇರಬೇಕೆಂದೇನಿಲ್ಲ. ವಿನೋಬನಗರ, ಗೋಪಾಳಗೌಡ ಬಡಾವಣೆಯಂಥ ಕಡೆ ಮೇನು, ಕ್ರಾಸುಗಳು ಚೌಕಚೌಕವಾಗಿ ಸಿಗುತ್ತವೆ; ಅಕ್ಷರ, ಮನೆ, ರೋಬೋ, ಮೆಟ್ಟಿಲು ಇಲ್ಲಿ ಸಲೀಸು. ಸಾಗರ, ಸೊರಬ ಸೀಮೆಯ ದೀವರ ಸಮುದಾಯದವರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದ ನೇರ ಗೆರೆಗಳೂ ಚೌಕಗಳೂ ಇಂಥ ಬಡಾವಣೆಗೆ ಹೇಳಿ ಮಾಡಿಸಿದ ಹಾಗಿವೆ. ಓರೆಯಾಗಿ ಹಾದುಹೋಗುವ ರಸ್ತೆ ಕಂಡರೆ ಗುರುತು ಹಾಕಿಟ್ಟುಕೊಳ್ಳಿ. ಕೊಕ್ಕು, ಬಾಲ, ಕಿವಿ ಹುಟ್ಟುವುದು ಅಲ್ಲೇ. ತುಂಗೆಯನ್ನು ಸೇತುವೆಯ ಮೇಲೆ ಮಾತ್ರ ದಾಟಲು ಸಾಧ್ಯ. ಹಾಗಾಗಿ ವಿದ್ಯಾನಗರದ ಕಡೆಗೂ ಚಿತ್ರ ಚಾಚುವುದಾದರೆ ಸೇತುವೆಯೇ ಕುತ್ತಿಗೆಯೋ ಕಾಲೋ ಆಗಬೇಕು. ರೈಲು ಹಳಿಗೂ ಇದೇ ಲೆಕ್ಕ.

ಊರಾಚೆ, ತೀರ್ಥಹಳ್ಳಿ, ಹೊಸನಗರದ ಕಡೆ ಆಟವೇ ಬೇರೆ. ಅಲ್ಲಿ ಒಂದೇ ರಸ್ತೆ ಗುಡ್ಡ ಸುತ್ತಿಕೊಂಡು ಹೋಗುತ್ತದೆ, ಪಕ್ಕಕ್ಕೆ ಜೋಡಿ ರಸ್ತೆ ಇರುವುದಿಲ್ಲ. ಸೈಕಲ್‌ನಲ್ಲಿ ಒಂದು ದೊಡ್ಡ ಹೊರರೇಖೆ, ಹಾವೋ ಮೀನೋ, ಅಷ್ಟಕ್ಕೆ ತೃಪ್ತಿಪಡಿ.

ಇನ್ನು ಅಳತೆ. ತೆರೆದ ಆಕಾಶದ ಕೆಳಗೆ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಕಟ್ಟಡ, ಮರದಡಿ ಅದಕ್ಕಿಂತ ಹೆಚ್ಚು. ಆದ್ದರಿಂದ ಅಕ್ಕಪಕ್ಕದ ಎರಡು ಗೆರೆಗಳ ನಡುವೆ 30 ಮೀಟರ್ ಆದರೂ ಇರಲಿ, ಅತಿ ಸಣ್ಣ ವಿವರವೂ 50 ಮೀಟರಿಗಿಂತ ಕಿರಿದಾಗುವುದು ಬೇಡ. ಅಕ್ಷರವಾದರೆ 250 ಮೀಟರ್ ಎತ್ತರ ಬೇಕು. ಓಟಕ್ಕೆ 6ರಿಂದ 10 ಕಿ.ಮೀ., ಸೈಕಲ್‌ಗೆ 20ರಿಂದ 40 ಕಿ.ಮೀ. ಚಿತ್ರ ಮೊದಲ ಪ್ರಯತ್ನಕ್ಕೆ ಸಾಕು.

ಗೆರೆ ಎಲ್ಲೂ ಕಡಿಯಬಾರದು, ಎಳೆ ರಂಗೋಲಿಯ ಹಾಗೆ. ಒಂದೇ ಎಳೆಯಲ್ಲಿ ಮುಗಿಯುತ್ತದೋ ಇಲ್ಲವೋ ಅಂತ ತಿಳಿಯಲು 1736ರಲ್ಲಿ ಗಣಿತಜ್ಞ ಆಯ್ಲರ್ ಕೊಟ್ಟ ಲೆಕ್ಕವಿದೆ. ಚಿತ್ರದ ಪ್ರತಿ ಕೂಡುವ ಬಿಂದುವಿನಲ್ಲಿ ಎಷ್ಟು ಗೆರೆ ಸೇರುತ್ತವೆ ಎಣಿಸಿ. ಬೆಸ ಸಂಖ್ಯೆಯಲ್ಲಿ ಗೆರೆ ಸೇರುವ ಬಿಂದುಗಳು ಒಂದೂ ಇಲ್ಲದಿದ್ದರೆ ಎಲ್ಲಿಂದ ಬೇಕಾದರೂ ಹೊರಡಿ, ಅಲ್ಲಿಗೇ ಮರಳುತ್ತೀರಿ. ಎರಡು ಇದ್ದರೆ ಒಂದರಲ್ಲಿ ಶುರು, ಇನ್ನೊಂದರಲ್ಲಿ ಮುಕ್ತಾಯ. ನಾಲ್ಕೋ ಆರೋ ಇದ್ದರೆ ಎಲ್ಲೋ ಒಂದೆಡೆ ಹೋದ ದಾರಿಯಲ್ಲೇ ವಾಪಸ್ ಬರಲೇಬೇಕು. ಹಾಗೆ ಬರುವಾಗ ರಸ್ತೆಯ ಅದೇ ಬದಿಯಲ್ಲಿ, ಫುಟ್‌ಪಾತ್ ಮೇಲೆ ಬನ್ನಿ. ಡಿವೈಡರ್ ಇರುವ ರಸ್ತೆಯಲ್ಲಿ ಸೈಕಲ್ ಹೋಗುವುದು ಒಂದು ಬದಿ, ಬರುವುದು ಇನ್ನೊಂದು ಬದಿ. ಗೆರೆ ಎರಡಾಗಿ ಕಾಣುತ್ತದೆ. ಆನೆಯ ಕಣ್ಣಿಗೆ ಒಂದು ಬ್ಲಾಕ್ ಸಾಕು: ಹಣೆಯ ಗೆರೆಯಿಂದ ಒಳಹೋಗುವ ಕ್ರಾಸ್ ಹಿಡಿದು, ಬ್ಲಾಕನ್ನು ಪೂರ್ತಿ ಒಂದು ಸುತ್ತು ಹಾಕಿ, ಅದೇ ಕ್ರಾಸಿನಲ್ಲಿ ಹೊರಬನ್ನಿ. ಆ ಕ್ರಾಸ್ ಹಣೆಯ ಸುಕ್ಕಿನಂತೆ ಉಳಿಯುತ್ತದೆ, ಉಳಿಯಲಿ ಬಿಡಿ. ‘ಶಿವಮೊಗ್ಗ’ ಅಂತ ಬರೆಯಹೊರಟವರಿಗೆ ಕೊನೆಯ ಒತ್ತಕ್ಷರವೇ ತಲೆನೋವು. ಮೇಲಿನ ಅಕ್ಷರದಿಂದ ಅದಕ್ಕೊಂದು ಕೊಂಡಿ ರಸ್ತೆ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಪೆನ್ಸಿಲ್ ಚಿತ್ರ ಒಪ್ಪಿಗೆಯಾದ ಮೇಲೆ ಜಿಪಿಎಕ್ಸ್ ಸ್ಟುಡಿಯೋ ಎಂಬ ತಾಣದಲ್ಲಿ ಅದನ್ನೇ ತಿದ್ದಿ ಬರೆಯಿರಿ. ಬ್ರೌಸರ್‌ನಲ್ಲೇ ನಡೆಯುತ್ತದೆ, ಉಚಿತ. ರಸ್ತೆಗೆ ಅಂಟಿಕೊಳ್ಳುವ ಆಯ್ಕೆ ಆನ್ ಇದ್ದಾಗ ಅದು ಹತ್ತಿರದ ದಾರಿ ಹಿಡಿದು ನಿಮ್ಮ ಮೂಲೆಯನ್ನು ನುಂಗುವುದುಂಟು. ಆದ್ದರಿಂದ ಪ್ರತಿ ತಿರುವಿನಲ್ಲೂ ಒಂದು ಬಿಂದು ಒತ್ತಿ. ದಾರಿಯ ಬಿಂದುಗಳನ್ನು ಹಿಡಿದಿಡುವ ಆ ಜಿಪಿಎಕ್ಸ್ ಫೈಲನ್ನು ಫೋನಿಗೆ ಇಳಿಸಿ ಆರ್ಗಾನಿಕ್ ಮ್ಯಾಪ್ಸ್ ಎಂಬ ನಕ್ಷೆ ಆ್ಯಪ್‌ನಲ್ಲಿ ತೆರೆದರೆ ಇಂಟರ್ನೆಟ್ ಇಲ್ಲದೆಯೂ ದಾರಿ ಕಾಣುತ್ತದೆ. ಆಮೇಲೆ ಒಮ್ಮೆ ಸ್ಕೂಟರ್‌ನಲ್ಲಿ ಸುತ್ತಿಬನ್ನಿ. ನಕ್ಷೆಯ ಕ್ರಾಸ್ ಬೀದಿಯಲ್ಲಿ ಕಾಂಪೌಂಡ್ ಗೋಡೆಯಾಗಿರಬಹುದು, ಹಳ್ಳಿ ಕಡೆಯ ಕಾಲುದಾರಿ ಉಣಗೋಲು ದಾಟಿ ಯಾರದೋ ಅಡಿಕೆ ತೋಟದೊಳಗೆ ಹೋಗಿರಬಹುದು. ಅಭಯಾರಣ್ಯದ ಒಳದಾರಿಗಳನ್ನು ಅನುಮತಿಯಿಲ್ಲದೆ ಮುಟ್ಟಬೇಡಿ.

ಹೊರಡುವ ದಿನ ಸ್ಟ್ರಾವಾದಂಥ, ಓಟ ಸವಾರಿ ದಾಖಲಿಸುವ ಆ್ಯಪ್ ತೆರೆದು ಬಯಲಿನಲ್ಲಿ ಒಂದೆರಡು ನಿಮಿಷ ನಿಲ್ಲಿ, ಸಿಗ್ನಲ್ ಗಟ್ಟಿಯಾದ ಮೇಲೆಯೇ ರೆಕಾರ್ಡ್ ಒತ್ತಿ. ಇಲ್ಲದಿದ್ದರೆ ಮೊದಲ ನೂರು ಮೀಟರ್ ಹಿತ್ತಿಲು, ಮನೆಮೇಲೆಲ್ಲ ಹಾದುಹೋಗುತ್ತದೆ. ಆಟೋ ಪಾಸ್ (auto-pause, ನಿಂತಾಗ ರೆಕಾರ್ಡಿಂಗನ್ನು ತಾನಾಗಿ ತಡೆಯುವ ಆಯ್ಕೆ) ಆಫ್ ಮಾಡಿ. ತಿರುವಿನಲ್ಲಿ ನಿಧಾನವಾದಾಗ ಅದು ನಿಂತು ಮೂಲೆ ಕತ್ತರಿಸುತ್ತದೆ. ಗಾರ್ಮಿನ್ ವಾಚಿನಲ್ಲಿ ರೆಕಾರ್ಡಿಂಗನ್ನು ‘ಸ್ಮಾರ್ಟ್’ ಬಿಟ್ಟು ‘ಎವ್ರಿ ಸೆಕೆಂಡ್’ಗೆ ಹಾಕಿ. ಆಂಡ್ರಾಯ್ಡ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ಉಳಿತಾಯ ತೆಗೆಯದಿದ್ದರೆ ಸ್ಕ್ರೀನ್ ಆರಿದ ಮೇಲೆ ರೆಕಾರ್ಡಿಂಗ್ ಸತ್ತು, ಚಿತ್ರದ ನಡುವೆ ಒಂದು ಉದ್ದ ಅಡ್ಡಗೆರೆ ಬೀಳಬಹುದು. ಸೈಕಲ್ ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. ಮೂಲೆಗಳಲ್ಲಿ ಬ್ರೇಕ್ ಹಿಡಿದು, ಸರ್ಕಲ್‌ನ ನಡುವಿನವರೆಗೆ ಹೋಗಿ ತಿರುಗಿ.

ಚಹಾಕ್ಕೆ ನಿಲ್ಲುವುದಾದರೆ ಕೈಯಾರೆ ಪಾಸ್ ಮಾಡಿ. ರೆಕಾರ್ಡಿಂಗನ್ನು ಹಾಗೇ ಓಡಲು ಬಿಟ್ಟರೆ ನಿಂತಲ್ಲೇ ಗೀಚು ಗುಡ್ಡೆಯಾಗುತ್ತದೆ. ಪಾಸ್ ಮಾಡಿದ ಜಾಗದಲ್ಲೇ ಮತ್ತೆ ಶುರು ಮಾಡಬೇಕು, ಯಾಕೆಂದರೆ ಪಾಸ್ ಅಂದರೆ ಪೆನ್ಸಿಲ್ ಎತ್ತಿದಂತಲ್ಲ: ಹೆಚ್ಚಿನ ಆ್ಯಪ್‌ಗಳು ಎರಡೂ ಬಿಂದುಗಳನ್ನು ನೇರ ಗೆರೆಯಿಂದ ಜೋಡಿಸಿಬಿಡುತ್ತವೆ. ಕೆಲವರು ಇದನ್ನೇ ಉಪಾಯವಾಗಿ ಬಳಸಿ ಮನೆ, ಕೆರೆಗಳ ಮೇಲೆಲ್ಲ ಓರೆಗೆರೆ ಎಳೆಯುತ್ತಾರೆ. ಗೆರೆ ಚೆಂದ ಬರುತ್ತದೆ ನಿಜ, ಆದರೆ ಅಷ್ಟಕ್ಕೆ ಓಡುವುದೇಕೆ ಅನ್ನಿಸುತ್ತದೆ.

ಮೋಡ, ಮಳೆಯಿಂದ ಸಿಗ್ನಲ್‌ಗೆ ಹೆಚ್ಚೇನೂ ಆಗದು. ಕೆಡಿಸುವುದು ಒದ್ದೆಯಾದ ಎಲೆಗಳ ಚಪ್ಪರ ಮತ್ತು ಘಾಟಿಯ ಕಡಿದಾದ ಬದಿ. ಮಳೆಹನಿ ಬಿದ್ದು ಸ್ಕ್ರೀನ್ ತಾನಾಗಿ ಪಾಸ್ ಒತ್ತಿಕೊಳ್ಳುವುದೂ ಇದೆ, ಲಾಕ್ ಮಾಡಿಡಿ. ನವೆಂಬರ್‌ನಿಂದ ಫೆಬ್ರವರಿವರೆಗಿನ ಭಾನುವಾರ ಬೆಳಗ್ಗೆ ಆರೂವರೆಗೆ ಹೊರಟರೆ ವಾಹನವೂ ಕಡಿಮೆ, ಇಂಬಳದ ಕಾಟವೂ ಇಲ್ಲ. ಬೀದಿನಾಯಿ ಮಾತ್ರ ಇದ್ದೇ ಇರುತ್ತವೆ. ಅಟ್ಟಿಸಿಕೊಂಡು ಬಂದರೆ ಗೆರೆಯ ಚಿಂತೆ ಬಿಟ್ಟು ಸೈಕಲ್ ಇಳಿದು ನಡೆಯಿರಿ.

ಮನೆಬಾಗಿಲಿಂದಲೇ ರೆಕಾರ್ಡ್ ಶುರು ಮಾಡಬೇಡಿ. ಸ್ಟ್ರಾವಾದಲ್ಲಿ ವಿಳಾಸ ಮರೆಮಾಡುವ ಸೆಟ್ಟಿಂಗ್ ಇದ್ದರೆ ಆ ಸುತ್ತಳತೆಯೊಳಗಿನ ಗೆರೆ ಬೇರೆಯವರಿಗೆ ಕಾಣುವುದಿಲ್ಲ, ಆನೆಯ ಸೊಂಡಿಲು ಅರ್ಧಕ್ಕೇ ನಿಂತುಬಿಡುತ್ತದೆ. ಸೆಟ್ಟಿಂಗ್ ತೆಗೆಯುವ ಬದಲು ಚಿತ್ರವನ್ನೇ ಮನೆಯಿಂದ ಆಚೆಗೆ ಸರಿಸಿ. ಕೊನೆಗೆ ಮೂಲ ಜಿಪಿಎಕ್ಸ್ ಫೈಲ್ ಒಂದು ಪ್ರತಿ ತೆಗೆದಿಟ್ಟು, ಆಮೇಲೆ ಆ್ಯಪ್‌ನಲ್ಲಿ ತಲೆಬಾಲದ ಹೆಚ್ಚುವರಿ ಗೆರೆ ಕತ್ತರಿಸಿ.